ಪರದೆಯ ಹಿಂದೆ ಕೂತವರು

ಪ್ರಚಾರ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ಗುಂಡಿ ತೋಡುವ ಕೆಲಸ ಕಣ್ರಯ್ಯಾ ಎಂದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಗುತ್ತಾರೆ. ನಿಜವಾಗಿಯೂ ಅದೇ ಕೆಲಸ. ಹುದ್ದೆಯ ಹೆಸರು ಪ್ರೊಜೆಕ್ಟರ್ ಆಪರೇಟರ್ ಎಂದಿದ್ದರೂ, ಊರು ತಲುಪಿದ ಕೂಡಲೇ ನಾನು ಮುಟ್ಟುತ್ತಿದ್ದದ್ದು ಪ್ರೊಜೆಕ್ಟರನ್ನಲ್ಲ, ಹಾರೆಯನ್ನು. ಎರಡು ಗುಂಡಿ ತೋಡಬೇಕು, ಬಿದಿರಿನ ಗಳ ನಿಲ್ಲಿಸಬೇಕು, ನಡುವೆ ಪರದೆ ಬಿಗಿಯಬೇಕು. ಗುಂಡಿ ಸರಿಯಾಗಿ ಬೀಳದಿದ್ದರೆ ಮಂತ್ರಿಗಳ ಭಾಷಣದ ಮಧ್ಯೆಯೇ ಪರದೆ ಮಕಾಡೆ ಮಲಗಿಬಿಡುತ್ತಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಠಾಣ್ಯ ಕಡೂರು. ಒಂದು ಜೀಪು, ಅದರ ಹಿಂದೆ ಕೆಮ್ಮುವ ಒಂದು ಜನರೇಟರ್, ಮರದ ಪೆಟ್ಟಿಗೆಯಲ್ಲಿ ಪ್ರೊಜೆಕ್ಟರ್, ಮತ್ತು ಇವೆಲ್ಲಕ್ಕಿಂತ ಹೆಚ್ಚು ಗೊಣಗುವ ಡ್ರೈವರ್ ಖಾದರ್ ಸಾಬರು. ದೇವನೂರು, ಬೀರೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ನಾವು ತೋರಿಸುತ್ತಿದ್ದದ್ದು ಸರ್ಕಾರದ ಕಿರುಚಿತ್ರಗಳನ್ನು. ಗೊಬ್ಬರ ಹಾಕುವುದು ಹೇಗೆ, ಮಕ್ಕಳಿಗೆ ಸಿಡುಬಿನ ಲಸಿಕೆ, ಅಂದರೆ ದಾಕು, ಹಾಕಿಸುವುದು ಯಾಕೆ, ಸಂಸಾರ ಚಿಕ್ಕದಿದ್ದರೆ ಏನು ಸುಖ, ಇಂಥವು. ಜನ ಶಾಂತವಾಗಿ ಎಲ್ಲವನ್ನೂ ನೋಡಿ, ಕೊನೆಗೆ "ಆಯ್ತಲ್ಲ ಸ್ವಾಮಿ, ಈಗ ಸಿನಿಮಾ ಹಾಕಿ" ಎನ್ನುತ್ತಿದ್ದರು. ಅದಕ್ಕೆಂದೇ ಒಂದು ಕುಸ್ತಿಯ ರೀಲನ್ನು ಇಟ್ಟುಕೊಂಡಿದ್ದೆ. ಕುಸ್ತಿ ಇದೆ ಎಂದು ಮೈಕಿನಲ್ಲಿ ಸಾರಿದರೆ ಸಾಕು, ಗೊಬ್ಬರದ ಚಿತ್ರಕ್ಕೂ ಮೈದಾನ ತುಂಬುತ್ತಿತ್ತು.

ಹೊಸಬನಾಗಿದ್ದಾಗ ದೇವನೂರಿನಲ್ಲಿ ಮಾಡಿದ ಎಡವಟ್ಟನ್ನು ಹೇಳಲೇಬೇಕು. ದಾಕು ಹಾಕಿಸುವ ಚಿತ್ರ ಎರಡು ರೀಲಿನದು. ಮೊದಲ ರೀಲಿನಲ್ಲಿ ಮಗುವಿಗೆ ಸಿಡುಬು ಬಂದು ಮನೆಯವರೆಲ್ಲ ಅಳುತ್ತಾರೆ. ಎರಡನೆಯದರಲ್ಲಿ ಊರಿನ ಮಕ್ಕಳಿಗೆಲ್ಲ ದಾಕು ಹಾಕಿಸಿ ಎಲ್ಲರೂ ನಗುತ್ತಾರೆ. ನಾನು ಕತ್ತಲಲ್ಲಿ ಎರಡನೆಯದನ್ನು ಮೊದಲು ಹಾಕಿಬಿಟ್ಟೆ. ನಗುನಗುತ್ತಾ ದಾಕು ಹಾಕಿಸಿಕೊಂಡ ಮಕ್ಕಳ ಊರಿಗೆ ಅರ್ಧ ಗಂಟೆಯೊಳಗೆ ಸಿಡುಬು ಬಂತು. ಮಾರನೆಯ ದಿನ ಆಸ್ಪತ್ರೆಯ ನರ್ಸಮ್ಮ ದಾಕು ಹಾಕಲು ಹೋದರೆ ಒಂದು ಮನೆಯ ಬಾಗಿಲೂ ತೆರೆಯಲಿಲ್ಲ. ಆಯಮ್ಮ ಕಡೂರಿನ ತನಕ ಬಂದು ನನಗೆ ಮಾಡಿದ ಮಂಗಳಾರತಿ ಇನ್ನೂ ಕಿವಿಯಲ್ಲಿದೆ. ಮತ್ತೆ ಹೋಗಿ ಸರಿಯಾದ ಕ್ರಮದಲ್ಲಿ ತೋರಿಸಿದ ಮೇಲೆಯೇ ಬಾಗಿಲುಗಳು ತೆರೆದದ್ದು.

ನಮ್ಮ ಸಾಹೇಬರಿಗೆ ಜಿಲ್ಲಾ ಕಚೇರಿಯಲ್ಲಿ ಕೂತು ಒಂದೇ ಚಿಂತೆ. ಚಿತ್ರ ಚೆನ್ನಾಗಿ ಕಂಡಿತೇ, ಜನಕ್ಕೆ ತಿಳಿಯಿತೇ ಎಂದು ಒಂದು ದಿನವೂ ಕೇಳಿದವರಲ್ಲ. "ಕಂಪ್ಲೇಂಟ್ ಏನೂ ಬಂದಿಲ್ಲ ತಾನೆ?" ಎನ್ನುವುದೇ ಅವರ ನಮಸ್ಕಾರ. ಒಳ್ಳೆಯ ಮನುಷ್ಯ, ಯಾರ ಹೊಟ್ಟೆಯ ಮೇಲೂ ಹೊಡೆದವರಲ್ಲ. ಆದರೆ ಅವರ ಕೈಕೆಳಗೆ ಕೆಲಸ ಮಾಡಿದ ನಾವೆಲ್ಲ ಇದ್ದದ್ದನ್ನು ಇದ್ದಲ್ಲೇ ಇರಗೊಡುವುದರಲ್ಲಿ ಪಳಗಿಬಿಡುತ್ತಿದ್ದೆವು.

ಈಗ ಪರದೆಯ ವಿಚಾರ. ಇಲಾಖೆ ಕೊಟ್ಟಿದ್ದ ದಪ್ಪನೆಯ ಪರದೆ ತರೀಕೆರೆಯಲ್ಲಿ ಒಂದು ಸಂಜೆ ಗಾಳಿಗೆ ಹರಿದುಹೋಯಿತು. ಹೊಸದು ಬರುವ ಸೂಚನೆ ಕಾಣದೆ ಬೀರೂರಿನ ದರ್ಜಿಯೊಬ್ಬರ ಹತ್ತಿರ ಬಿಳಿ ಬಟ್ಟೆಯಲ್ಲಿ ಒಂದನ್ನು ಹೊಲಿಸಿಕೊಂಡೆ. ತೆಳುವಾದ ಬಟ್ಟೆ, ಚಿತ್ರ ಎರಡೂ ಕಡೆ ಕಾಣುತ್ತಿತ್ತು. ಇದರಿಂದ ನನಗೆ ಸಂತೋಷವೇ ಆಯಿತು. ಹಳ್ಳಿಗಳಲ್ಲಿ ಪರದೆಯ ಮುಂದೆ ಊರಿನವರು ಕೂರುತ್ತಿದ್ದರು. ಕೇರಿಯವರು ದೂರದಲ್ಲಿ ಓರೆಯಾಗಿ ನಿಂತು ಕತ್ತು ನೋಯಿಸಿಕೊಂಡು ನೋಡುತ್ತಿದ್ದರು. ಈ ಬಟ್ಟೆ ಬಂದ ಮೇಲೆ ಅವರು ಪರದೆಯ ಹಿಂದೆ ಆರಾಮಾಗಿ ಕೂತರು. ಯಾರೂ ಯಾರಿಗೂ ಹೇಳಿದ್ದಲ್ಲ, ತಾನಾಗಿಯೇ ಹಾಗೆ ಆಯಿತು. ಎಲ್ಲರಿಗೂ ಚಿತ್ರ ಕಾಣುತ್ತದಲ್ಲ, ಇನ್ನೇನು ಬೇಕು ಎಂದುಕೊಂಡೆ.

ಅಜ್ಜಂಪುರದ ಹತ್ತಿರ ಒಂದು ಹಳ್ಳಿ. ಈ ಕತೆಯಲ್ಲಿ ಬರುವವರ ಮಕ್ಕಳು ಮರಿಗಳು ಈಗಲೂ ಅಲ್ಲಿ ಇರುವುದರಿಂದ ಹೆಸರು ಬರೆಯುವುದಿಲ್ಲ. ಆ ಊರಿನ ಕೇರಿಯಲ್ಲಿ ದುರ್ಗಪ್ಪ ಎಂಬ ತಮಟೆಯವನಿದ್ದ. ಬೆಂಗಳೂರಿನಿಂದ ನಮ್ಮ ಇಲಾಖೆಯ ತಂಡವೊಂದು ವಾದ್ಯಗಳ ಬಗ್ಗೆ ಚಿತ್ರ ತೆಗೆಯಲು ಬಂದಾಗ ನಾನೇ ಅವನನ್ನು ತೋರಿಸಿದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಹೆಗಲಿಗೆ ಹಾಕಿಕೊಂಡು, ಕ್ಯಾಮೆರಾದ ಮುಂದೆ ಅವನು ಬಾರಿಸಿ ಕುಣಿದದ್ದನ್ನು ನೋಡಿ ಬೆಂಗಳೂರಿನವರು ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತರು. ಆ ಚಿತ್ರ ಸಿದ್ಧವಾಗಿ ನಮ್ಮ ಕೈಗೆ ಬರುವ ಹೊತ್ತಿಗೆ ದುರ್ಗಪ್ಪ ಜ್ವರದಲ್ಲಿ ತೀರಿಕೊಂಡಿದ್ದ. ಅವನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಹೆಂಡತಿ ಕೆಂಚಮ್ಮನಿಗೆ ಅವನ ಮುಖ ಇನ್ನೊಮ್ಮೆ ಕಾಣಬೇಕೆಂದರೆ ನನ್ನ ರೀಲಿನಲ್ಲಷ್ಟೇ ಕಾಣಬೇಕು.

ಅದೇ ಊರಿನ ಶಾಲೆಯ ಬಯಲಿನಲ್ಲಿ ಆ ಚಿತ್ರ ಹಾಕಿದ ದಿನ, ಆಟ ಮುಗಿದು ನಾನು ಹಗ್ಗ ಬಿಚ್ಚುತ್ತಿದ್ದಾಗ ಕೆಂಚಮ್ಮ ಬಂದು ನಿಂತಳು. ಕಣ್ಣು ತುಂಬಿಕೊಂಡಿರುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಇದ್ದದ್ದು ಗೊಂದಲ.

"ಸ್ವಾಮಿ, ಅವ್ರು ನಮ್ಮೋರಲ್ಲ" ಅಂದಳು.

"ಯಾಕಮ್ಮ? ದುರ್ಗಪ್ಪನೇ ಕಣಮ್ಮ. ಫಿಲಂ ತೆಗೆಯೋವಾಗ ನಾನೇ ಪಕ್ಕದಲ್ಲಿದ್ದೆನಲ್ಲ."

"ಮಕ ಅವರ್ದೇ ಕಂಡಂಗೈತೆ. ಆದ್ರೆ ನಮ್ಮೋರು ದಪ್ಪ ಕಡ್ಡಿ ಬಲಗೈಲಿ ಹಿಡಿಯೋರು. ಇವ್ರು ಎಡಗೈಲಿ ಹಿಡಿದವ್ರೆ. ಹುಬ್ಬಿನ ಮೇಲಿನ ಗಾಯಾನೂ ಆ ಕಡೀಕೆ ಹೋಗ್ಬಿಟ್ಟೈತೆ. ಇನ್ಯಾರಿಗೋ ನಮ್ಮೋರ ಮಕ ಅಂಟಿಸ್ದಂಗೈತೆ ಸ್ವಾಮಿ."

ಪರದೆಯ ಹಿಂದಿನಿಂದ ನೋಡಿದರೆ ಎಲ್ಲವೂ ಅದಲುಬದಲಾಗಿ ಕಾಣುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ, ಎಂದು ವಿವರಿಸಿದೆ.

"ಹಂಗಾದ್ರೆ ಮುಂದ್ಗಡೆ ಕೂತೋರಿಗೆ ಸರಿಯಾಗಿ ಕಂಡ್ರಾ?"

"ಹೂಂ."

"ಊರೋರಿಗೆಲ್ಲಾ ಕಂಡ್ರು. ನಂಗೊಬ್ಬಳಿಗೆ ಕಾಣ್ಲಿಲ್ಲ" ಎಂದು ಹೇಳಿ ಹೊರಟುಹೋದಳು.

ಜಗಳದ ಮಾತಲ್ಲ, ದೂರೂ ಅಲ್ಲ. ಅದಕ್ಕೇ ನನಗೆ ಆ ರಾತ್ರಿ ಊಟ ರುಚಿಸಲಿಲ್ಲ. ಮುಂದಿನ ಊರಿನಲ್ಲಿ ಚಿತ್ರ ಓಡುತ್ತಿರುವಾಗ ಖಾದರ್ ಸಾಬರನ್ನು ಪ್ರೊಜೆಕ್ಟರಿನ ಹತ್ತಿರ ನಿಲ್ಲಿಸಿ, ಮೊದಲ ಸಲ ಪರದೆಯ ಹಿಂದೆ ಹೋಗಿ ಕೂತೆ. ಅಕ್ಷರವೆಲ್ಲ ತಿರುಗಿತ್ತು. ಚಿತ್ರ ಮಂಕಾಗಿತ್ತು. ಪ್ರೊಜೆಕ್ಟರಿನ ಬೆಳಕು ಬಟ್ಟೆಯನ್ನು ದಾಟಿ ನೇರವಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಹುಡುಗರೇ, ನೀವು ಏನನ್ನೇ ತೋರಿಸಿ, ಒಂದು ಸಲ ಎದ್ದು ಆ ಕಡೆ ಹೋಗಿ ನೋಡಿ ಬನ್ನಿ.

ಇದಾಗಿ ಒಂದೆರಡು ವರ್ಷ ಕಳೆದಿರಬೇಕು, ಎಂಬತ್ತರ ದಶಕ ಶುರುವಾಗಿತ್ತು. ತರೀಕೆರೆ ಕಾಲೇಜಿನ ಒಂದಷ್ಟು ಹುಡುಗ ಹುಡುಗಿಯರು ಅಜ್ಜಂಪುರದ ಗೆಳೆಯರನ್ನು ಸೇರಿಸಿಕೊಂಡು ಅದೇ ಹಳ್ಳಿಯಲ್ಲಿ ಮೂರು ದಿನದ ಕಲಾಮೇಳ ಮಾಡಲು ಹೊರಟರು. ಅವರ ಮುಂದಾಳು ನಾಗರಾಜ, ಕುರುಚಲು ಗಡ್ಡ, ಖಾದಿ ಜುಬ್ಬ, ಹೆಗಲಿಗೆ ಜೋಳಿಗೆ. ಕಲೆ ವೇದಿಕೆಯಿಂದ ಇಳಿದು ಬೀದಿಗೆ ಬರಬೇಕು, ಊರು ಕೇರಿ ಒಂದಾಗಬೇಕು, ಎನ್ನುವುದು ಅವನ ಮಾತು. ಮಾತು ಜಾಸ್ತಿ, ಆದರೆ ಹುಡುಗ ಅಪ್ಪಟ. ಕೊನೆಯ ಸಂಜೆಗೆ ನಮ್ಮ ಚಿತ್ರಪ್ರದರ್ಶನ ಬೇಕೆಂದು ಸಾಹೇಬರ ಹತ್ತಿರ ಒಪ್ಪಿಗೆ ಪಡೆದು ಬಂದ. ಸಾಹೇಬರು ನನ್ನನ್ನು ಕರೆದು, "ಹೋಗಿ ಬನ್ರಿ. ಆದರೆ ಕಂಪ್ಲೇಂಟ್..." ಎಂದರು. ಉಳಿದದ್ದು ನನಗೆ ಗೊತ್ತಿತ್ತು.

ನಾನು ಮೈಕಿನ ಏರ್ಪಾಡಿಗೆಂದು ಮೂರೂ ದಿನ ಅಲ್ಲೇ ಇದ್ದೆ. ಅಂಥ ವಿಚಿತ್ರಗಳನ್ನು ನಾನು ಹಿಂದೆ ಕಂಡಿರಲಿಲ್ಲ. ಒಬ್ಬ ಹುಡುಗ ಬೆನ್ನಿಗೆ ಒಂದು ಬಾಗಿಲು ಕಟ್ಟಿಕೊಂಡು ಬೆಳಗಿನಿಂದ ಸಂಜೆವರೆಗೆ ಒಂದು ಮಾತೂ ಆಡದೆ ಬೀದಿ ಬೀದಿ ತಿರುಗಿದ. ಎಲ್ಲರಿಗೂ ಮುಚ್ಚಿದ ಬಾಗಿಲಿನ ಬಗ್ಗೆ ಅದೊಂದು ನಾಟಕವಂತೆ. ಊರಿನವರು ಮಾತ್ರ "ಪಾಪ, ಮನೆ ಕಟ್ಟಿಸ್ತಾವ್ನೆ, ಗಾಡಿ ಸಿಕ್ಕಿಲ್ಲ" ಎಂದು ಮರುಗಿದರು. ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ತಲೆಯಿಲ್ಲದ ಮನುಷ್ಯರು ಮೂಡಿದರು. ಒನಕೆ, ಮೊರ, ಕುಡುಗೋಲುಗಳಿಂದಲೇ ಸಂಗೀತ ಹೊರಡಿಸುವ ಒಂದು ಕಾರ್ಯಕ್ರಮವೂ ಇತ್ತು. ಅದನ್ನು ನೋಡುತ್ತಿದ್ದ ಪಟೇಲ್ ರುದ್ರಪ್ಪನವರ ತಾಯಿ ನಂಜಮ್ಮಜ್ಜಿ ತಡೆಯಲಾರದೆ, "ಮೊರಾನ ಹಂಗಾ ಹಿಡಿಯೋದು? ಕೊಡಿಲ್ಲಿ" ಎಂದು ಕಿತ್ತುಕೊಂಡು ಕೇರತೊಡಗಿದರು. ಹುಡುಗರು ಅದಕ್ಕೇ ತಾಳ ಹಾಕಿದರು. ಅಂದಿನಿಂದ ಅಜ್ಜಿ ಬೆಳಗಾದರೆ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹಾಜರು. ಇವತ್ತು ಏನು ಹುಚ್ಚಾಟ ಎಂದು ಕೇಳಿಕೊಂಡೇ ಬರುತ್ತಿದ್ದರು.

ನಾಗರಾಜನ ಹೆಮ್ಮೆಯ ನಾಟಕಕ್ಕೆ ಮಾತ್ರ ವೇದಿಕೆಯೇ ಇರಲಿಲ್ಲ. ನಟರು ನಡುವೆ, ಜನ ಸುತ್ತ. ಮುಂದೆ ಹಿಂದೆ ಎನ್ನುವುದೇ ಇಲ್ಲ ಎಂದು ಅವನು ವಿವರಿಸಿದ್ದ. ಆದರೆ ಜನ ಕೂತ ಮೇಲೆ ನೋಡಿದರೆ ಊರಿನವರು ಒಂದು ಕಡೆ, ಕೇರಿಯವರು ಇನ್ನೊಂದು ಕಡೆ, ನಡುವೆ ಎರಡು ಕಡೆ ಖಾಲಿ ಜಾಗ. ಒಡೆದ ಬಳೆಯ ಎರಡು ಚೂರು ಎದುರುಬದುರು ಇಟ್ಟ ಹಾಗಿತ್ತು. ನಾಗರಾಜನ ಮುಖ ಚಿಕ್ಕದಾಯಿತು.

ಕೊನೆಯ ದಿನ ಮಧ್ಯಾಹ್ನ ಅವನು ಕೇರಿಗೆ ಹೋದ. ವಾದ್ಯಗಳ ರೀಲು ತಂದಿರುವುದನ್ನು ಕೆಂಚಮ್ಮನಿಗೆ ಹೇಳೋಣವೆಂದು ನಾನೂ ಜೊತೆಗೆ ಹೋದೆ. ಪರದೆಯ ಹಿಂದಿನಿಂದ ಅವಳಿಗೆ ಗಂಡ ಅದಲುಬದಲಾಗಿ ಕಂಡದ್ದನ್ನು ದಾರಿಯಲ್ಲಿ ಅವನಿಗೆ ಹೇಳಿದೆ. ಅವಳು ಜಗಲಿಯಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದಳು. ನಾಗರಾಜ ಉತ್ಸಾಹದಿಂದ, "ಅಕ್ಕಾ, ಇವತ್ತು ಸಂಜೆ ಮೈಕಿನಲ್ಲಿ ಅನೌನ್ಸ್ ಮಾಡ್ತೀನಿ. ಎಲ್ಲರೂ ಪರದೆ ಮುಂದೆ ಒಟ್ಟಿಗೆ ಕೂರಬೇಕು ಅಂತ. ನೀವೆಲ್ಲ ಬನ್ನಿ, ಯಾರು ತಡೀತಾರೋ ನೋಡೇಬಿಡೋಣ" ಎಂದ.

ಅವಳು ಕೈ ನಿಲ್ಲಿಸಲಿಲ್ಲ. "ನೀವು ನಾಳೆ ಬಸ್ ಹತ್ತಿ ಹೋಯ್ತೀರಪ್ಪಾ. ನಾಡಿದ್ದು ನಾವು ಅವರ ಹೊಲಕ್ಕೇ ಹೋಗ್ಬೇಕು. ನಾವು ಎದ್ದೋಗಿ ಮುಂದೆ ಕೂತ್ರೆ, ಇವ್ರು ಬಂದು ಕೂತ್ರು ಅಂತಾರೆ. ನೀವು ಕೂರಿಸಿದ್ರಿ ಅಂತ ಯಾರೂ ಅನ್ನಲ್ಲ."

ನಾಗರಾಜ ನನ್ನ ಕಡೆ ತಿರುಗಿ, "ಸಾರ್, ರೀಲನ್ನೇ ತಿರುಗಿಸಿ ಹಾಕಿದ್ರೆ?" ಎಂದು ಕೇಳಿದ. ಆಗುವುದಿಲ್ಲ ಎಂದೆ. ರೀಲಿಗೆ ಒಂದೇ ಅಂಚಿನಲ್ಲಿ ತೂತು ಇರುತ್ತದೆ, ಇನ್ನೊಂದು ಅಂಚಿನಲ್ಲಿ ಧ್ವನಿ. ತಿರುಗಿಸಿದರೆ ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ದುರ್ಗಪ್ಪನ ಮುಖವನ್ನು ಇವಳು ಈ ಸಲವೂ ಸರಿಯಾಗಿ ನೋಡುವುದಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಕೆಂಚಮ್ಮ ಮೊರವನ್ನು ಪಕ್ಕಕ್ಕಿಟ್ಟು, ಸಂಕೋಚದಿಂದ ಕೇಳಿದಳು. "ನಾವು ಆ ಕಡೀಕೆ ಬರೋಕಾಗಲ್ಲ, ಸರಿ. ನಿಮ್ಮ ಮಿಷನ್ನು ಗಾಡಿ ಮೇಲೈತಲ್ಲ ಸ್ವಾಮಿ, ಅದು ಈ ಕಡೀಕೆ ಬರಬೌದಲ್ಲ?"

ಇಷ್ಟು ವರ್ಷ ಆ ಜೀಪಿನಲ್ಲಿ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ. ಬೆಳಕು ಯಾವ ಕಡೆಯಿಂದ ಬೀಳುತ್ತದೋ ಅದೇ ಪರದೆಯ ಮುಂಭಾಗ. ಯಾರೂ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ. ಕೇರಿಯವರ ಮೇಲೆ ಬೆರಳು ತೋರಿಸಲು ದಾರಿಯೇ ಇಲ್ಲ, ಅವರು ಯಾವತ್ತಿನ ಜಾಗದಲ್ಲೇ ಕೂತಿರುತ್ತಾರೆ. ತಪ್ಪೇನಿದ್ದರೂ ಅದು ಜೀಪಿನದು. ಅಂದರೆ ನನ್ನದು. ಸಾಹೇಬರ ಮುಖ ಕಣ್ಣ ಮುಂದೆ ಬಂತು. ಆದರೂ ಆಗಲಿ ಎಂದೆ.

ಖಾದರ್ ಸಾಬರು, "ಶಾಲೆ ಬಳಸ್ಕೊಂಡು ಆ ಕಡೆ ಹೋಗೋ ದಾರೀಲಿ ಕಾಲುವೆ ಐತಲ್ಲ ಸಾರ್, ಜೀಪು ಹಾರ್ಕೊಂಡು ಹೋಗ್ತದಾ?" ಎಂದು ಗೊಣಗಿದರು. ಅದು ನಾಗರಾಜನ ಪಾಲಿಗೆ ಬಂದ ಕೆಲಸ. ಅವನ ಗೆಳೆಯರೆಲ್ಲ ಸೇರಿ ಕಾಲುವೆಗೆ ಚಪ್ಪಡಿ ಕಲ್ಲು ಹಾಸಿದರು. ಯಾರಿಗೂ ಅನುಮಾನ ಬರಬಾರದೆಂದು ಅವುಗಳ ಮೇಲೆ ಸುಣ್ಣದಲ್ಲಿ ದೊಡ್ಡ ದೊಡ್ಡ ಕಣ್ಣುಗಳನ್ನು ಬರೆದರು. ಆ ದಾರಿಯಲ್ಲಿ ಬಂದ ಪಟೇಲರು ನಿಂತು, "ಇದೇನ್ರಪ್ಪಾ?" ಎಂದರು. "ಇದೂ ಕಲೆ ಪಟೇಲ್ರೆ" ಎಂದ ನಾಗರಾಜ. ಮೂರು ದಿನದಿಂದ ಬಾಗಿಲು ಹೊತ್ತವನನ್ನೂ ತಲೆಯಿಲ್ಲದವರನ್ನೂ ನೋಡಿ ಸಾಕಾಗಿದ್ದ ಪಟೇಲರು, "ಆಗ್ಲಿ ಆಗ್ಲಿ" ಎಂದು ಮುಂದೆ ಹೋದರು. ಮೇಳದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಕಲೆ ಅದೇ.

ಸಂಜೆ ಎಂದಿನಂತೆ ಜೀಪನ್ನು ಊರಿನ ಕಡೆ ನಿಲ್ಲಿಸಿ ಪರದೆ ಕಟ್ಟಿದೆ. ಎಂದಿನಂತೆ ಜನ ಎರಡು ಕಡೆ ಕೂತರು. ಕತ್ತಲಾಗುತ್ತಿದ್ದಂತೆ ಖಾದರ್ ಸಾಬರು ಜೀಪು ಹೊರಡಿಸಿದರು. ಪೆಟ್ರೋಲು ತರಲು ಹೋಗುತ್ತಿದೆ ಎಂದು ಜನ ಅಂದುಕೊಂಡರು. ಜೀಪು ಶಾಲೆಯನ್ನು ಬಳಸಿ, ಸುಣ್ಣದ ಕಣ್ಣುಗಳ ಮೇಲೆ ಹತ್ತಿ ಇಳಿದು, ಕೇರಿಯವರ ಬೆನ್ನ ಹಿಂದೆ ಬಂದು ನಿಂತಿತು. ಪ್ರೊಜೆಕ್ಟರನ್ನು ಇಳಿಸಿ ಪರದೆಯ ಕಡೆ ತಿರುಗಿಸಿ ನಿಲ್ಲಿಸಿದೆ.

ಮೊದಲು ಗೊಬ್ಬರದ ಚಿತ್ರ ಹಾಕಿದೆ. ಅಕ್ಷರ ಮೂಡಿದ್ದೇ ತಡ, ಊರಿನ ಕಡೆಯಿಂದ ಗದ್ದಲ ಎದ್ದಿತು. "ಉಲ್ಟಾ ಐತೆ! ಉಲ್ಟಾ ಐತೆ!" ಎಂದು ಮಕ್ಕಳು ಕಿರುಚಿದರು. ಪಟೇಲರು ಪರದೆಯನ್ನು ಬಳಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದರು.

"ಏನ್ರೀ ಇದು ಆಪರೇಟ್ರೇ? ಗಾಡಿ ಇಲ್ಲಿಗ್ಯಾಕೆ ಬಂತು?"

"ಗಾಳಿ ಪಟೇಲ್ರೆ. ಪರದೆ ಉಬ್ಕೊಳ್ತದೆ. ಈ ಕಡೆಯಿಂದ ಬಿಟ್ರೆ ಚಿತ್ರ ನಿಲ್ತದೆ."

ಪಟೇಲರು ಪರದೆಯ ಕಡೆ ನೋಡಿದರು. ಒಂದು ಎಲೆಯೂ ಅಲ್ಲಾಡದ ಸಂಜೆ. ಪರದೆ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಮಟ್ಟಸವಾಗಿ ನಿಂತಿತ್ತು. ಅವರು ನನ್ನನ್ನು ನೋಡಿದರು, ನಾನು ಪ್ರೊಜೆಕ್ಟರನ್ನು ನೋಡಿದೆ. ಕೇರಿಯವರಲ್ಲಿ ಒಬ್ಬಿಬ್ಬರು ಆಗಲೇ ಮೆಲ್ಲಗೆ ಏಳುತ್ತಿದ್ದರು. ಮೈಕಿನ ಹತ್ತಿರ ನಿಂತಿದ್ದ ನಾಗರಾಜನ ಬಾಯಿ ತೆರೆಯಿತು. ಈಗ ಇವನು ಭಾಷಣ ಶುರುಮಾಡಿದರೆ ಕೆಟ್ಟೆವು ಎಂದುಕೊಂಡೆ. ಪುಣ್ಯಾತ್ಮ, ಬಾಯಿ ಮುಚ್ಚಿಕೊಂಡ. ಆ ಮೇಳದಲ್ಲಿ ಅವನು ಮಾಡಿದ ಅತಿ ಕಷ್ಟದ ಅಭಿನಯ ಅದು.

ಅಷ್ಟರಲ್ಲಿ ಪರದೆಯ ಆಚೆಯಿಂದ ನಂಜಮ್ಮಜ್ಜಿಯ ಧ್ವನಿ ಕೇಳಿತು. "ಲೇ ರುದ್ರಾ, ಈ ಕಡೆ ಎಲ್ಲಾ ತಿರುವುಮುರುವು ಕಾಣ್ತೈತೆ ಕಣೋ. ಕಣ್ಣು ಬ್ಯಾರೆ ಚುಚ್ಚತೈತೆ. ನಾನು ಆ ಕಡೀಕೆ ಬತ್ತೀನಿ."

"ಅವ್ವಾ, ಬ್ಯಾಡ, ಮನೀಗೆ ನಡಿ" ಎಂದರು ಪಟೇಲರು.

"ಬೇಕಾದ್ರೆ ನೀನು ಹೋಗು. ಅನ್ನ ಸಾರು ಮುಚ್ಚಿಟ್ಟೀನಿ, ಹಾಕ್ಕೊಂಡು ಉಣ್ಣು" ಎನ್ನುತ್ತಾ ಅಜ್ಜಿ ಚಾಪೆ ಹಿಡಿದುಕೊಂಡು ಬಂದೇಬಿಟ್ಟರು. ಮೊದಲ ಸಾಲಿನಲ್ಲಿ ಕೆಂಚಮ್ಮ ಕೂತಿದ್ದಳು. "ವಸಿ ಸರ್ಕೊಳೇ" ಎಂದು ಅವಳ ಪಕ್ಕದಲ್ಲೇ ಚಾಪೆ ಬಿಚ್ಚಿ ಕೂತರು. ಕೆಂಚಮ್ಮ ದೂರ ಸರಿಯಲು ಹೋದರೆ, "ಅಷ್ಟು ದೂರ ಯಾಕೆ, ಸಾಕು ಕೂತ್ಕೋ" ಎಂದರು.

ಅಜ್ಜಿ ಬಂದ ಮೇಲೆ ಮೊಮ್ಮಕ್ಕಳು ಬಂದರು. ಮಕ್ಕಳು ಬಂದ ಮೇಲೆ ಅವರ ತಾಯಂದಿರು. ಕುಸ್ತಿ ನೋಡಬೇಕಾಗಿದ್ದ ಗಂಡಸರು ಇನ್ನಷ್ಟು ಹೊತ್ತು ಬಿಗುವಾಗಿದ್ದು, ಅವರೂ ಒಬ್ಬೊಬ್ಬರಾಗಿ ಬಂದು ಜಾಗ ಸಿಕ್ಕಲ್ಲಿ ಕೂತರು. ಒಂದಿಷ್ಟು ಜನ ಎದ್ದು ಮನೆಗೆ ಹೋದದ್ದೂ ಉಂಟು. ಪಟೇಲರು ಕೂರಲಿಲ್ಲ. ಜೀಪಿನ ಬಾನೆಟ್ಟಿಗೆ ಒರಗಿ ಕೊನೆಯವರೆಗೂ ನಿಂತೇ ನೋಡಿದರು. ನನಗೆ ಅಷ್ಟೇ ಸಾಕಾಗಿತ್ತು. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಇಳಿಸಿದ ಹಾಗೆ ನಿರಾಳವಾಯಿತು.

ಆಮೇಲೆ ವಾದ್ಯಗಳ ರೀಲು ಹಾಕಿದೆ. ದುರ್ಗಪ್ಪ ಪರದೆಯ ಮೇಲೆ ಬಂದು ತಮಟೆಯನ್ನು ಹೆಗಲಿಗೇರಿಸಿದ. ಕೆಂಚಮ್ಮ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಅವನು ಬಾರಿಸತೊಡಗಿದಾಗ ಅವಳ ಬಲಗೈ ತಾನಾಗಿಯೇ ಮೊಣಕಾಲಿನ ಮೇಲೆ ತಾಳ ಹಾಕಿತು. "ಬಲಗೈ" ಎಂದಳು, ಯಾರಿಗೂ ಹೇಳುವ ಹಾಗಲ್ಲ. "ಬಲಗೈಯೇ."

"ನಿನ್ನ ಗಂಡನೇನೇ?" ಎಂದು ಅಜ್ಜಿ ಕೇಳಿದರು.

"ಹೂಂ ಅಮ್ಮಾರೆ."

ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ರುದ್ರನ ಮದುವೇಲಿ ಬಡಿದಿದ್ದು ಇವ್ನೇ. ದಿನಾ ನಮ್ಮ ಬಾಗ್ಲ ಮುಂದೆ ಓಡಾಡ್ದೋನು. ಒಂದಿನಾನೂ ಮಕ ನೋಡಿರ್ಲಿಲ್ಲ ಕಣೇ ನಾನು. ಎಷ್ಟು ಚೆಂದಾಗಿದ್ದ!"

ಕೆಂಚಮ್ಮ ಆಗ ಅತ್ತಳು. ನನ್ನ ಕಣ್ಣೂ ಒದ್ದೆಯಾಗಿ, ರೀಲು ಮುಗಿದು ಪರದೆ ಬೆಳ್ಳಗಾದದ್ದು ಗೊತ್ತೇ ಆಗಲಿಲ್ಲ. ಖಾದರ್ ಸಾಬರು ಮೊಣಕೈಯಲ್ಲಿ ತಿವಿದು ಎಚ್ಚರಿಸಿದರು.

ಸುದ್ದಿ ಸಾಹೇಬರ ಕಿವಿಗೆ ಹೇಗೋ ಬಿದ್ದಿತ್ತು. "ಜೀಪು ಯಾಕ್ರೀ ತಿರುಗಿಸಿದ್ರಿ?" ಎಂದರು. "ಗಾಳಿ ಸಾರ್" ಎಂದೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಕಂಪ್ಲೇಂಟ್ ಏನೂ ಬಂದಿಲ್ಲ. ಗಾಳಿ ಇದ್ರೆ ಏನು ಮಾಡೋಕಾಗುತ್ತೆ? ತಿರುಗಿಸಲೇಬೇಕು" ಎಂದರು. ಅವರಿಂದ ಅಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಸುತ್ತಿನ ಊರುಗಳಲ್ಲೆಲ್ಲ ಮೇಲಿಂದ ಮೇಲೆ ಗಾಳಿ ಏಳತೊಡಗಿತು.

ಆ ಒಂದು ಸಂಜೆಯಿಂದ ಊರು ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿನ ಹೋಟೆಲಿನಲ್ಲಿ ಕೇರಿಯವರ ಲೋಟ ಹೊರಗಿನ ಗೂಡಿನಲ್ಲೇ ಬಹಳ ಕಾಲ ಉಳಿಯಿತು. ಆದರೆ ಶಾಲೆಯ ಬಯಲಿನಲ್ಲಿ ಮಾತ್ರ ಒಂದು ಬದಲಾವಣೆ ನಿಂತಿತು. ಜೀಪು ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಯಾರೂ ಮುಂಚೆಯೇ ಚಾಪೆ ಹಾಸಿ ಜಾಗ ಹಿಡಿಯುವಂತಿರಲಿಲ್ಲ. ಖಾದರ್ ಸಾಬರು ಇಂಜಿನ್ ಆರಿಸಿದ ಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಿದ್ದರು. ಮೊದಲು ಬಂದವರಿಗೆ ಮೊದಲ ಸಾಲು.

ಆಮೇಲೆ ಟೀವಿ ಬಂತು, ನಮ್ಮ ಜೀಪಿನ ಕೆಲಸ ಕಡಿಮೆಯಾಯಿತು. ಆದರೂ ಆ ಊರಿಗೆ ಹೋಗುವಾಗಲೆಲ್ಲ, ಪಟ್ಟಿಯಲ್ಲಿ ಇರಲಿ ಬಿಡಲಿ, ವಾದ್ಯಗಳ ರೀಲು ನನ್ನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಕೆಂಚಮ್ಮ ಓಡಿ ಬರುತ್ತಿರಲಿಲ್ಲ. ನಿಧಾನವಾಗಿ ಬಂದು ಬೆಳಕಿನ ಕಡೆ ಕೂತು ಕಾಯುತ್ತಿದ್ದಳು. ದುರ್ಗಪ್ಪ ಬಂದು ತಮಟೆಯನ್ನು ಹೆಗಲಿಗೇರಿಸಿದ ಕೂಡಲೇ ಪಕ್ಕದಲ್ಲಿ ಯಾರೇ ಇರಲಿ, ಅವರ ತೋಳು ಮುಟ್ಟಿ ಹೇಳುತ್ತಿದ್ದಳು: "ನೋಡ್ರಿ, ಇವ್ರೇ ನಮ್ಮೋರು."